ಕರಿದ ಎಣ್ಣೆ

ಸಂಜೆ ನಾಲ್ಕು ಗಂಟೆಯಾಯಿತೆಂದು ತಿಳಿಯಲು ನಾನು ಗಡಿಯಾರ ನೋಡಬೇಕಾಗಿಲ್ಲ, ಮೂಗೇ ಸಾಕು. ಮೇಟಗಳ್ಳಿಯಲ್ಲಿ, ಕೃಷ್ಣರಾಜಸಾಗರದ ರಸ್ತೆಯ ಬದಿಯಲ್ಲಿ, ನಮ್ಮ ಅಮ್ಮ ತಳ್ಳುಗಾಡಿಯ ಮೇಲೆ ಒಲೆ ಹಚ್ಚಿ, ಬಾಣಲೆಗೆ ಎಣ್ಣೆ ಸುರಿದು, ಮೊದಲನೆಯ ಬೋಂಡವನ್ನು ಬಿಡುವ ಹೊತ್ತು ಅದು. ಹಿರಿಯರು ಇಂದಿಗೂ 'ವಿಕ್ರಾಂತ್' ಎಂದೇ ಕರೆಯುವ, 1997ರಿಂದ ಜೆ.ಕೆ. ಟೈರ್ ಸಂಸ್ಥೆಗೆ ಸೇರಿದ ಕಾರ್ಖಾನೆಯ ಪಾಳಿ ಬಿಟ್ಟು ಬರುವವರು, ಹೆಬ್ಬಾಳದ ಕೈಗಾರಿಕಾ ಬಡಾವಣೆಯಿಂದ ಮನೆಗೆ ಹೊರಟವರು, ಮನೆಪಾಠಕ್ಕೆ ಹೋಗುವ ಮಕ್ಕಳು, ಎಲ್ಲರೂ ಆ ವಾಸನೆಗೆ ಒಂದು ಗಳಿಗೆ ನಿಲ್ಲುತ್ತಾರೆ. 1996ರಿಂದ ರಿಸರ್ವ್ ಬ್ಯಾಂಕಿನ ನೋಟುಗಳು ಅಚ್ಚಾಗುತ್ತಿರುವುದೂ ನಮ್ಮ ಮೇಟಗಳ್ಳಿಯ ಮಗ್ಗುಲಲ್ಲಿಯೇ. ನೋಟು ಹುಟ್ಟುವ ಊರಿನಲ್ಲಿ ಮನೆ ಮಾಡಿಕೊಂಡು ಹತ್ತು ರೂಪಾಯಿ ಚಿಲ್ಲರೆಗೆ ಪರದಾಡುವುದು ನಮ್ಮ ಗಾಡಿಯ ಹಳೆಯ ಹಾಸ್ಯ.

ಈ ಲೇಖನದ ವಸ್ತು ಆ ಬೋಂಡ ಮುಗಿದ ಮೇಲೆ ಬಾಣಲೆಯಲ್ಲಿ ಉಳಿಯುವ ಎಣ್ಣೆ. ಕಲಾವಿಭಾಗದ ವಿದ್ಯಾರ್ಥಿನಿಯೊಬ್ಬಳು ಎಣ್ಣೆಯ ರಸಾಯನಶಾಸ್ತ್ರ ಬರೆಯಹೊರಟಳೆಂದು ಅಧ್ಯಾಪಕರು ಹುಬ್ಬೇರಿಸಬಹುದು, ಸಹಪಾಠಿಗಳು ನಗಬಹುದು. ನಗಲಿ. ಈ ವಿದ್ಯೆ ನನಗೆ ಪುಸ್ತಕದ ಆಸೆಯಿಂದ ಬರಲಿಲ್ಲ. ಒಂದು ನಾಚಿಕೆಯಿಂದ ಬಂತು. ಆ ನಾಚಿಕೆಯಲ್ಲಿ ಈ ಕಾಲೇಜಿನ ಕೆಲವರಿಗೆ ಸಲ್ಲಬೇಕಾದ ಪಾಲೂ ಇದೆಯಾದ್ದರಿಂದ ನಮ್ಮ ವಾರ್ಷಿಕ ಸಂಚಿಕೆಯಲ್ಲಿಯೇ ಹೇಳಿಬಿಡುವುದು ಸರಿಯೆಂದು ತೋರಿತು.

ಕರಿಯುವ ಎಣ್ಣೆಗೂ ಆಯುಸ್ಸುಂಟು. ಮೊದಲನೆಯ ದಿನ ಅದರದು ತಿಳಿಹೊನ್ನಿನ ಬಣ್ಣ. ಎರಡನೆಯ ದಿನ ಚಹದ ಕಷಾಯದ ಬಣ್ಣ. ಮೂರನೆಯ ದಿನ ಬೆಲ್ಲದ ಪಾಕದ ಬಣ್ಣ; ಆ ಹೊತ್ತಿಗೆ ನೊರೆ ಹೆಚ್ಚುತ್ತದೆ, ಹೊಗೆ ಬೇಗ ಏಳುತ್ತದೆ. ಅಮ್ಮನ ಲೆಕ್ಕದಲ್ಲಿ ಅಲ್ಲಿಗೆ ಅದರ ಕೆಲಸ ಮುಗಿಯಿತು. ಅವಳು ಅದನ್ನು ಹಳೆಯ ಪಂಚೆಯ ಚೂರಿನಲ್ಲಿ ಸೋಸಿ ಹಿತ್ತಲಿನ ತಗಡಿನ ಡಬ್ಬಕ್ಕೆ ಸುರಿಯುತ್ತಾಳೆ. ತಿಂಗಳಿಗೆ ಸುಮಾರು 25 ಲೀಟರಾಗುತ್ತದೆ. ಮಂಗಳವಾರ ಮಂಗಳವಾರ ಒಬ್ಬರು ಮೊಪೆಡ್ಡಿನಲ್ಲಿ ಬಂದು, ತುಂಬಿದ ಡಬ್ಬ ಹೇರಿಕೊಂಡು, ಖಾಲಿ ಡಬ್ಬ ಇಟ್ಟು, ಲೀಟರಿಗೆ 40 ರೂಪಾಯಿಯಂತೆ ಎಣಿಸಿಕೊಟ್ಟು ಹೋಗುತ್ತಿದ್ದರು. ಮನೆಯಲ್ಲಿ ಎಲ್ಲರೂ ಅವರನ್ನು 'ಎಣ್ಣೆ ಮಾವ' ಎಂದು ಕರೆಯುತ್ತಿದ್ದೆವು. ಈ ಹೆಸರಿಗೆ ಯಾರೂ ತಪ್ಪು ಅರ್ಥ ಮಾಡಬಾರದು. ಅವರು ಕಾಫಿಯನ್ನೂ ಮುಟ್ಟದ ಮನುಷ್ಯ.

ಎಣ್ಣೆಯ ದುಡ್ಡಿಗೆ ಅಮ್ಮ ಬೇರೆಯೇ ಒಂದು ಡಬ್ಬಿ ಇಟ್ಟಿದ್ದಳು. ನನ್ನ ಪರೀಕ್ಷೆಯ ಶುಲ್ಕ, ಪುಸ್ತಕ, ಕೊನೆಗೆ ಈ ಕನ್ನಡಕ, ಎಲ್ಲವೂ ಆ ಡಬ್ಬಿಯಿಂದ ಬಂದವು. ಹಳಗನ್ನಡವನ್ನು ನಾನು ಕರಿದ ಎಣ್ಣೆಯ ದುಡ್ಡಿನಲ್ಲಿ ಕಲಿತೆನೆಂದರೆ ಸುಳ್ಳಲ್ಲ. ಇಷ್ಟೇ ಆಗಿದ್ದರೆ ವ್ಯಾಪಾರದ ಮಾತೆಂದು ಬಿಡಬಹುದಾಗಿತ್ತು. ಮೂರು ವರ್ಷದ ಹಿಂದೆ ಅಪ್ಪ ಆಸ್ಪತ್ರೆ ಸೇರಿದಾಗ, ನೆಂಟರು ಫೋನು ಎತ್ತದ ರಾತ್ರಿ, ಎಂಟು ಸಾವಿರ ರೂಪಾಯಿ ತಂದು, ಕಾಗದ ಪತ್ರ ಏನನ್ನೂ ಕೇಳದೆ ಅಮ್ಮನ ಕೈಗಿಟ್ಟವರು ಎಣ್ಣೆ ಮಾವ. ಆ ಸಾಲ ತೀರಿ ಎಷ್ಟೋ ದಿನವಾಯಿತು. ಆದರೆ ಸಾಲ ಬೇರೆ, ಋಣ ಬೇರೆ.

ಹೋದ ವರ್ಷ ಶ್ರಾವಣದಲ್ಲಿ ಒಂದು ಸಂಜೆ ನಾವು ನಾಲ್ವರು ಗೆಳತಿಯರು ತರಗತಿ ಮುಗಿಸಿಕೊಂಡು, ವಾಡಿಕೆಯಂತೆ ಮೆಣಸಿನಕಾಯಿ ಬಜ್ಜಿ ತಿನ್ನಲು ಒಂದು ಸಣ್ಣ ಹೋಟೆಲಿಗೆ ಹೋದೆವು. ಹೊರಗೆ ಜಿಟಿಜಿಟಿ ಮಳೆ. ಬಜ್ಜಿಗೆ ಹೇಳಿ ನಾನು ಕೈ ತೊಳೆಯಲು ಹಿಂಬದಿಗೆ ಹೋದೆ. ಒಲೆಯ ಪಕ್ಕದಲ್ಲಿ ಒಂದು ತಗಡಿನ ಡಬ್ಬವಿತ್ತು. ಅದರ ಹೊಟ್ಟೆಯ ಮೇಲೆ ಮೂರು ಬೆರಳಿನ ಕುಂಕುಮದ ಗುರುತು. ಆಯುಧಪೂಜೆಯ ದಿನ ಅಮ್ಮ ಒಲೆ, ಬಾಣಲೆ, ಗಾಡಿಯ ಚಕ್ರ, ಡಬ್ಬ ಎಲ್ಲಕ್ಕೂ ಎಣ್ಣೆಯಲ್ಲಿ ಕಲಸಿ ಹಚ್ಚುವ ಕುಂಕುಮ ಅದು, ಬೇಗ ಅಳಿಯುವುದಿಲ್ಲ. ಅಡಿಗೆಯವನು ಅದರಿಂದ ಅರ್ಧ, ಹೊಸ ಎಣ್ಣೆಯ ಪೊಟ್ಟಣದಿಂದ ಅರ್ಧ ಬಾಣಲೆಗೆ ಸುರಿದ.

ಅಮ್ಮನ ಬಾಣಲೆಯಲ್ಲಿ ಮೂರು ದಿನ ಬೆಂದ ಎಣ್ಣೆ ಊರು ಸುತ್ತಿ ನನ್ನ ತಟ್ಟೆಗೇ ಬರಲಿತ್ತು.

ನಾನು ಬಂದು ಕುಳಿತೆ. ಬಜ್ಜಿ ಬಂತು. "ಯಾಕೆ, ತಿನ್ನೋದಿಲ್ವಾ?" ಎಂದಳು ಒಬ್ಬಳು. "ಹೊಟ್ಟೆ ಸರಿ ಇಲ್ಲ" ಎಂದೆ. ನನ್ನ ಪಾಲಿನದನ್ನೂ ಅವರು ಮೂವರು ಹಂಚಿಕೊಂಡು ತಿಂದರು. ನಾನು ಸುಮ್ಮನಿದ್ದೆ. ಒಂದು ಮಾತು ಹೇಳಿದ್ದರೆ ತಟ್ಟೆ ಹಿಂದಕ್ಕೆ ಹೋಗುತ್ತಿತ್ತು. ಆದರೆ ಆ ಮಾತು ಹೇಳಿದ ಮೇಲೆ ಡಬ್ಬದ ಗುರುತು ಯಾರದೆಂದೂ ಹೇಳಬೇಕಾಗುತ್ತಿತ್ತು. ಗೆಳತಿಯರೇ, ಆ ಸಂಜೆ ನನ್ನ ಹೊಟ್ಟೆ ಸರಿಯಾಗಿಯೇ ಇತ್ತು. ಇದನ್ನು ನಿಮಗೆ ಮುಖಾಮುಖಿಯಾಗಿ ಹೇಳಲು ಒಂದು ವರ್ಷದಲ್ಲಿ ನನಗೆ ಧೈರ್ಯ ಬರಲಿಲ್ಲ, ಅಚ್ಚಿನಲ್ಲಿ ಹೇಳುತ್ತಿದ್ದೇನೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಗಾಳಿ, ಕಾವು, ಹಿಟ್ಟಿನ ತೇವ ಮೂರೂ ಸೇರಿ ಅದನ್ನು ಮುರಿಯುತ್ತವೆ. ಮುರಿದ ಚೂರುಗಳಲ್ಲಿ ಕೆಲವು ದೇಹಕ್ಕೆ ಒಳ್ಳೆಯವಲ್ಲ. ಈ ಕೆಡುಕನ್ನು ಅಳೆಯಲು 'ಒಟ್ಟು ಧ್ರುವೀಯ ಸಂಯುಕ್ತಗಳು' ಎಂಬ ಒಂದು ಮಾಪನವಿದೆ. ಅದು ನೂರಕ್ಕೆ 25ನ್ನು ಮೀರಿದ ಎಣ್ಣೆಯಲ್ಲಿ ಅಡಿಗೆ ಮಾಡಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು 2019ರ ಮಾರ್ಚ್ 1ರಿಂದ ಅದರ ಲೆಕ್ಕವನ್ನೂ ಇಡಬೇಕು. ಅಮ್ಮನ ಗಾಡಿ ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಎಂದರೆ ಅವಳನ್ನು ಕೇಳುವವರು ಯಾರೂ ಇಲ್ಲ. ಕೇಳುವವರಿಲ್ಲದ ಕಡೆ ನಾವೇ ಕೇಳಿಕೊಳ್ಳಬೇಕಾಗುತ್ತದೆಂಬುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು.

ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಅವಳು ಕಡಲೆಹಿಟ್ಟು ಜರಡಿ ಹಿಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ, "ಸೋಪಿಗೆ ಹೋಗುತ್ತೆ ಅಂತಿದ್ರು" ಎಂದಳು.

"ಇನ್ನು ಮೇಲೆ ಕೊಡಬೇಡಮ್ಮ."

"ಕೊಡಬೇಡ ಅನ್ನೋದು ಸುಲಭ ಕಣೇ. ಹಾಗಾದ್ರೆ ಎಲ್ಲಿಗೆ ಸುರೀಲಿ? ಮೋರಿಗೆ ಹಾಕಿದ್ರೆ ಮೋರಿ ಕಟ್ಟಿಕೊಳ್ಳುತ್ತೆ, ಬೀದಿಯೋರು ಬಂದು ಬಯ್ತಾರೆ. ಹಿತ್ತಲಿಗೆ ಹಾಕಿದ್ರೆ ಕರಿಬೇವಿನ ಗಿಡ ಸಾಯುತ್ತೆ. ಓದಿದೋರು ನೀವು. ಬೇಡ ಅಂದ ಮೇಲೆ ಬೇಕಾದ್ದು ಏನೂಂತ ನೀವೇ ಹೇಳಿ."

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕಿಕೊಂಡು ನಾನು ಹೋದದ್ದು ಅಕ್ಕನ ಬಳಿಗೆ. ಅಕ್ಕನೆಂದರೆ ದೊಡ್ಡಪ್ಪನ ಮಗಳು. ನಗರದ ಬೇರೊಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಅವಳು ಎಲ್ಲವನ್ನೂ ಕೇಳಿ, "ಡೀಸೆಲ್ ಮಾಡೋಣ ಬಿಡು" ಎಂದಳು, ಚಿತ್ರಾನ್ನ ಮಾಡೋಣ ಎಂದಷ್ಟು ಸಲೀಸಾಗಿ.

ಇದು ಹೊಸ ಮಾತೇನೂ ಅಲ್ಲವೆಂದು ಆಮೇಲೆ ತಿಳಿಯಿತು. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲನ ಮಾದರಿಯ ಒಂದು ಸಣ್ಣ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತಂತೆ. ನೋಡಿದವರಲ್ಲಿ ಹಲವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲವಂತೆ. ಆದರೆ ಎಣ್ಣೆ ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಎಂಜಿನ್ನಿನ ಸೂಕ್ಷ್ಮ ರಂಧ್ರಗಳಲ್ಲಿ ಕಾಲಕ್ರಮದಲ್ಲಿ ಕಟ್ಟಿಕೊಳ್ಳುತ್ತದೆ. ಇದಕ್ಕೆ ಪರಿಹಾರವನ್ನು 1937ರಲ್ಲಿ ಬ್ರಸೆಲ್ಸ್ ವಿಶ್ವವಿದ್ಯಾನಿಲಯದ ಶಾವಾನ್ ಎಂಬ ವಿಜ್ಞಾನಿ ಪೇಟೆಂಟು ಮಾಡಿಸಿದ; ತಾಳೆ ಎಣ್ಣೆಯನ್ನು ಮದ್ಯಸಾರದೊಡನೆ ಕೂಡಿಸಿ ತೆಳುವಾಗಿಸುವ ವಿಧಾನ ಅದು. ಮರುವರ್ಷ ಬ್ರಸೆಲ್ಸಿನಿಂದ ಲೂವೆನ್ನಿಗೆ ಹೋಗುವ ಬಸ್ಸೊಂದು ಆ ಇಂಧನದಿಂದ ಓಡಿತು. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಹೊಂಗೆಯೆಣ್ಣೆಯಿಂದ ಡೀಸೆಲ್ ಎಂಜಿನ್ನು ನಡೆಸಿ ಹಳ್ಳಿಯ ನೀರಾವರಿಗೆ ಒದಗಿಸಿದರು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 2007ರಲ್ಲಿ ಜೈವಿಕ ಇಂಧನ ಉದ್ಯಾನವೊಂದನ್ನು ತೆರೆದು ಹೊಂಗೆ, ಬೇವು, ಹಿಪ್ಪೆಗಳ ಬೀಜವನ್ನು ರೈತರಿಂದ ಕೊಂಡು ಎಣ್ಣೆ ತೆಗೆಯುವುದನ್ನು ಕಲಿಸುತ್ತ ಬಂದಿತು. ನಮ್ಮ ಅಜ್ಜಿ ದೇವರ ಗುಡಿಯ ದೀಪಕ್ಕೆ ಹೊಂಗೆಯೆಣ್ಣೆ ಹಾಕುತ್ತಿದ್ದಳು. ದೀಪ ಉರಿಸಿದ ಎಣ್ಣೆ ಎಂಜಿನ್ನು ಓಡಿಸಿದರೆ ಆಶ್ಚರ್ಯವೇನು?

ರಸಾಯನಶಾಸ್ತ್ರವನ್ನು ಅಕ್ಕ ನನಗೆ ಹಟ್ಟಿಯ ಭಾಷೆಯಲ್ಲಿ ಹೇಳಿದಳು. ಎಣ್ಣೆಯ ಒಂದೊಂದು ಅಣುವೂ ಒಂದೇ ಗೂಟಕ್ಕೆ ಕಟ್ಟಿದ ಮೂರು ಹಸುಗಳಂತೆ. ಗೂಟವೆಂದರೆ ಗ್ಲಿಸರಿನ್; ಹಸುಗಳೆಂದರೆ ಕೊಬ್ಬಿನ ಆಮ್ಲಗಳು. ಮೂರೂ ಒಂದೆಡೆ ಎಳೆದಾಡುವುದರಿಂದ ಎಣ್ಣೆಗೆ ಆ ಮಂದತನ. ಕಾಸ್ಟಿಕ್ ಸೋಡ ಗಂಟು ಬಿಚ್ಚುತ್ತದೆ. ಮೆಥನಾಲ್ ಎಂಬ ಮದ್ಯಸಾರ ಒಂದೊಂದು ಹಸುವನ್ನೂ ತನ್ನ ಪುಟ್ಟ ಹಗ್ಗದಿಂದ ಕಟ್ಟಿಕೊಳ್ಳುತ್ತದೆ. ಬಿಡಿಬಿಡಿಯಾದ ಹಸುಗಳೇ ಜೈವಿಕ ಡೀಸೆಲ್. ಒಂಟಿಯಾದ ಗೂಟ ತಳಕ್ಕೆ ಇಳಿಯುತ್ತದೆ. 100 ಕಿಲೋ ಎಣ್ಣೆಗೆ ಸುಮಾರು 11 ಕಿಲೋ ಮೆಥನಾಲ್ ಕೂಡಿದರೆ ಸುಮಾರು 100 ಕಿಲೋ ಇಂಧನವೂ 11 ಕಿಲೋ ಗ್ಲಿಸರಿನ್ನೂ ಬರಬೇಕೆಂಬುದು ಪುಸ್ತಕದ ಲೆಕ್ಕ. ಮದ್ಯಸಾರ ಇಲ್ಲದೆ ನೀರೂ ಸೋಡವೂ ಮಾತ್ರ ಇದ್ದರೆ ಇದೇ ಎಣ್ಣೆ ಸಾಬೂನಾಗುತ್ತದೆ. ನಾಲ್ವಡಿಯವರ ಕಾಲದಲ್ಲಿ ಹುಟ್ಟಿದ ನಮ್ಮ ಮೈಸೂರು ಸ್ಯಾಂಡಲ್ ಸೋಪೂ, ಬ್ರಸೆಲ್ಸಿನ ಬಸ್ಸಿನ ಇಂಧನವೂ ದಾಯಾದಿಗಳೆಂದು ತಿಳಿದು ನನಗೆ ಬಹಳ ಸಂತೋಷವಾಯಿತು.

ಒಂದು ರಜಾದಿನ, ಪ್ರಾಂಶುಪಾಲರ ಅನುಮತಿ ಪಡೆದು, ಅಕ್ಕ ತನ್ನ ಪ್ರಯೋಗಾಲಯದ ಬಾಗಿಲು ತೆರೆದಳು. ಕನ್ನಡಕದ ಮೇಲೊಂದು ಕನ್ನಡಕ, ಕೈಗೆ ರಬ್ಬರಿನ ಗವಸು, ಕಿಟಕಿಗಳೆಲ್ಲ ತೆರೆದು. "ಮೆಥನಾಲ್ ಅಂದ್ರೆ ಹುಡುಗಾಟ ಅಲ್ಲ. ಒಂದೆರಡು ಚಮಚ ಹೊಟ್ಟೆಗೆ ಹೋದ್ರೆ ಕಣ್ಣು ಹೋಗುತ್ತೆ. ಇನ್ನೂ ಸ್ವಲ್ಪ ಹೋದ್ರೆ ಜೀವ. ಚರ್ಮದಿಂದಲೂ ಒಳಗೆ ಹೋಗುತ್ತೆ, ಬೆಂಕಿ ಬೇಗ ಹತ್ತುತ್ತೆ" ಎಂದು ಎಚ್ಚರಿಸಿದಳು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದರಲ್ಲಿದ್ದ ವಿಷ ಇದೇ. ಪರವಾನಗಿಯಿಲ್ಲದೆ ಇದನ್ನು ಇಟ್ಟುಕೊಳ್ಳುವಂತಿಲ್ಲ. ಅಡಿಗೆಮನೆಯಲ್ಲಿ ಮಾಡಿ ನೋಡೋಣವೆಂದು ಯಾರಾದರೂ ಯೋಚಿಸಿದ್ದರೆ ದಯವಿಟ್ಟು ಇಲ್ಲಿಗೇ ಬಿಡಿ.

ಮೊದಲನೆಯ ಪ್ರಯೋಗವನ್ನು ಅಕ್ಕ ನನಗೇ ಬಿಟ್ಟಳು. ಎಣ್ಣೆ ಒಂದು ಲೋಟದಷ್ಟೇ. ಎಣ್ಣೆಯಲ್ಲಿರುವ ನೀರು ಹೋಗುವವರೆಗೆ ಕಾಯಿಸು ಎಂದಳು. ಗುಳ್ಳೆ ಕಡಿಮೆಯಾಯಿತೆಂದು ನಾನು ಅರ್ಧಕ್ಕೇ ಇಳಿಸಿದೆ. ಸೋಡ ಎಷ್ಟು ಬೇಕೆಂದು ಅಳೆದು ನೋಡು ಎಂದಳು. ಸಾರಿಗೆ ಉಪ್ಪು ಹಾಕುವ ಕೈ, ಅಂದಾಜು ಸಾಕೆಂದು ಒಂದು ಚಿಟಿಕೆ ಹೆಚ್ಚಾಗಿಯೇ ಹಾಕಿದೆ. ಕಾಲು ಗಂಟೆಯಲ್ಲಿ ಸೀಸೆಯೊಳಗೆ ತಣ್ಣಗಾದ ರಾಗಿ ಗಂಜಿಯಂಥದೊಂದು ಪದಾರ್ಥ ಸಿದ್ಧವಾಯಿತು. ಅಲ್ಲಾಡಿಸಿದರೆ ಅಲ್ಲಾಡದು. ನಾನು ಮಾಡಿದ್ದು ಸಾಬೂನು! ಸಂಜೆ ಅಮ್ಮ ಕೇಳಿ, "ಹಾಳಾಗೋದೇಕೆ, ತಂದುಬಿಡು, ಪಾತ್ರೆ ತಿಕ್ಕೋಕೆ ಆಗುತ್ತೆ" ಎಂದಳು. ಅದರಲ್ಲಿ ಮೆಥನಾಲ್ ಸೇರಿರುವುದರಿಂದ ಮುಟ್ಟಕೂಡದೆಂದು ಅಕ್ಕ ಅದನ್ನು ಪ್ರಯೋಗಾಲಯದ ರೀತಿಯಲ್ಲಿಯೇ ವಿಲೇವಾರಿ ಮಾಡಿದಳು. ಸೋಪಿಗೆ ಹೋಗುತ್ತದೆಂಬ ಎಣ್ಣೆ ಮಾವನ ಮಾತು ಹೀಗೆ ಒಂದು ಸಲವಾದರೂ ನಿಜವಾಯಿತು.

ಎರಡನೆಯ ಸಲ ನಾನು ವಿಧೇಯಳಾದೆ. ಹಳೆಯ ಎಣ್ಣೆಯಲ್ಲಿ ಗೂಟದಿಂದ ಆಗಲೇ ಕಳಚಿಕೊಂಡ ಪುಂಡ ಹಸುಗಳಿರುತ್ತವೆ. ಅವು ಹಾಕಿದ ಸೋಡವನ್ನು ತಿಂದುಹಾಕುತ್ತವೆ. ಆದ್ದರಿಂದ ಎಷ್ಟು ತಿನ್ನುತ್ತವೆಂದು ಮೊದಲು ತಿಳಿಯಬೇಕು. ಒಂದು ಮಿಲಿಲೀಟರ್ ಎಣ್ಣೆಯನ್ನು ಹತ್ತು ಮಿಲಿಲೀಟರ್ ಐಸೊಪ್ರೊಪೈಲ್ ಮದ್ಯಸಾರದಲ್ಲಿ ಕರಗಿಸಿ, ಲೀಟರು ನೀರಿಗೆ ಒಂದು ಗ್ರಾಂ ಸೋಡ ಹಾಕಿದ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡಬೇಕು. ಪ್ರಯೋಗಾಲಯದಲ್ಲಿ ಇದಕ್ಕೆಂದೇ ಫಿನಾಫ್ತಲೀನ್ ಇತ್ತು. ಆದರೆ ಅಕ್ಕ ನಗುತ್ತ ತನ್ನ ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅರಿಶಿನ! ಒಂದು ಚಿಟಿಕೆ ಹಾಕಿದಳು. ತೊಟ್ಟಿಕ್ಕುತ್ತ ಹೋದಂತೆ ಹಳದಿ ಹಳದಿಯಾಗಿಯೇ ಇತ್ತು. ಮೂರನೆಯ ಮಿಲಿಲೀಟರ್ ಮುಗಿಯುವ ಹೊತ್ತಿಗೆ ಇದ್ದಕ್ಕಿದ್ದಂತೆ ಕೆಂಪಾಯಿತು. ಮದುವೆಯಾಗಿ ಬಂದ ಹೆಣ್ಣುಗಂಡಿಗೆ ಹೊಸ್ತಿಲಲ್ಲಿ ಎತ್ತುವ ಆರತಿಯ ನೀರು! ಅರಿಶಿನಕ್ಕೆ ಸುಣ್ಣ ಕೂಡಿದರೆ ಕೆಂಪಾಗುವುದನ್ನು ನಮ್ಮ ಮನೆಯ ಹೆಂಗಸರೆಲ್ಲ ಬಲ್ಲರು. ಅದನ್ನು ಪ್ರಯೋಗವೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹೊಸ ಎಣ್ಣೆಗೆ ಲೀಟರಿಗೆ ಮೂರೂವರೆ ಗ್ರಾಂ ಸೋಡ ಸಾಕು. ನಮ್ಮದಕ್ಕೆ ಅದರ ಮೇಲೆ ಮೂರು, ಒಟ್ಟು ಆರೂವರೆ ಗ್ರಾಂ. ಅದನ್ನು 200 ಮಿಲಿಲೀಟರ್ ಮೆಥನಾಲಿನಲ್ಲಿ ಕರಗಿಸಿ, 55 ಡಿಗ್ರಿಗೆ ಕಾಯಿಸಿದ ಒಂದು ಲೀಟರ್ ಎಣ್ಣೆಗೆ ಬೆರೆಸಿ, ಒಂದು ಗಂಟೆ ಕಲಕಿದೆವು. ಕಾವು 65ರ ಹತ್ತಿರ ಹೋದರೆ ಮೆಥನಾಲ್ ಕುದಿದು ಹಾರಿಹೋಗುತ್ತದೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ಗಾಜಿನ ಪಾತ್ರೆಯಲ್ಲಿ ಗೆರೆ ಎಳೆದಂತೆ ಎರಡು ಪದರ. ಮೇಲೆ ಜೇನಿನ ಬಣ್ಣ, ಕೆಳಗೆ ಕಾಕಂಬಿಯ ಬಣ್ಣ. ಮೇಲಿನದನ್ನು ಬೇರೆ ಮಾಡಿ, ಬೆಚ್ಚಗಿನ ನೀರಿನಲ್ಲಿ ಮೆಲ್ಲನೆ ತೊಳೆದೆವು. ಮೊದಲನೆಯ ತೊಳೆತದ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಬೆಳ್ಳಗೆ, ನಾಲ್ಕನೆಯದು ತಿಳಿ. ಕೊನೆಗೆ ಕಾಯಿಸಿ ನೀರು ಹಾರಿಸಿದಾಗ ಸೀಸೆಯ ಆಚೆ ಇಟ್ಟ ಪತ್ರಿಕೆಯ ಅಕ್ಷರಗಳನ್ನು ಓದಬಹುದಾಗಿತ್ತು.

ಮೂರನೆಯ ಸಲ ಐದು ಲೀಟರು ಹಾಕಿ, ತೊಳೆದು ಒಣಗಿಸಿದ ಮೇಲೆ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು ಪಡೆದೆವು. ಅದನ್ನು ಕ್ಯಾನಿನಲ್ಲಿ ತುಂಬಿಕೊಂಡು ದೊಡ್ಡಪ್ಪನ ಹೊಲಕ್ಕೆ ಹೋದೆವು. ದೊಡ್ಡಪ್ಪನ ಜಮೀನು ಬೆಳಗೊಳದ ಕಡೆ. ಕರೆಂಟು ಕೈಕೊಟ್ಟಾಗಲೆಂದು ಐದು ಅಶ್ವಶಕ್ತಿಯ ಹಳೆಯ ಡೀಸೆಲ್ ಪಂಪು ಇಟ್ಟಿದ್ದಾರೆ. ಅವರು ಸೀಸೆಯನ್ನು ಮೂಸಿ ನೋಡಿ, ನಮ್ಮಿಬ್ಬರ ಮುಖ ನೋಡಿ, ಎಂಜಿನ್ನಿನ ಮುಖ ನೋಡಿದರು. ಮೊದಲು ನಾಲ್ಕು ಪಾಲು ಡೀಸೆಲಿಗೆ ಒಂದು ಪಾಲು ನಮ್ಮದು. ಓಡಿತು. ಆಮೇಲೆ ಬರಿಯ ನಮ್ಮದು. ಅದಕ್ಕೂ ಓಡಿತು, ನೀರು ಕಾಲುವೆಗೆ ಬಿತ್ತು. ಹೊಗೆಗೊಳವೆಯಿಂದ ಬಂದ ವಾಸನೆ ನಮ್ಮ ಗಾಡಿಯದೇ! ಪಕ್ಕದ ಗದ್ದೆಯವರು ಕಳೆ ಕೀಳುವುದನ್ನು ಬಿಟ್ಟು, "ಏನ್ ಗೌಡ್ರೇ, ಬಜ್ಜಿ ಬೇಯಿಸ್ತಿದ್ದೀರಾ?" ಎಂದು ಕೂಗಿದರು. ಆ ಮೂರೂವರೆ ಗಂಟೆ ನಾನು ಬದುವಿನ ಮೇಲೆ ಕುಳಿತು ನೀರು ಹರಿಯುವುದನ್ನೇ ನೋಡುತ್ತಿದ್ದೆ.

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಅಮ್ಮ ಲೆಕ್ಕ ಕೇಳಿದಳು.

ಎಣ್ಣೆಗೆ 40 ರೂಪಾಯಿ, ಬಿಡಿಯಾಗಿ ಕೊಂಡ ಮೆಥನಾಲ್, ಸೋಡ, ಕಾಯಿಸಿದ ಅನಿಲ ಎಲ್ಲ ಸೇರಿ ನಮ್ಮ ಇಂಧನ ಲೀಟರಿಗೆ 115 ರೂಪಾಯಿಯಾಗಿತ್ತು. ಬಂಕಿನ ಡೀಸೆಲೇ ಅದಕ್ಕಿಂತ ಅಗ್ಗ. ಸೋಡ, ಮೆಥನಾಲ್ ಸೇರಿದ ಗ್ಲಿಸರಿನ್ನನ್ನೂ ತೊಳೆದ ನೀರನ್ನೂ ಏನು ಮಾಡುವುದೆಂಬ ಪ್ರಶ್ನೆ ಉಳಿದೇ ಇತ್ತು; ಎಣ್ಣೆಯ ಬದಲು ಅದನ್ನು ಮೋರಿಗೆ ಬಿಟ್ಟರೆ ಸಾಧಿಸಿದ್ದೇನು? ದೊಡ್ಡಪ್ಪನ ಎಂಜಿನ್ನಿನ ಹಳೆಯ ರಬ್ಬರು ಕೊಳವೆ ಮೆತ್ತಗಾಗಿ ಸೋರತೊಡಗಿತು; ಟೈರಿನ ಊರಿನವರಾದ ನಮಗೆ ಈ ಇಂಧನಕ್ಕೂ ರಬ್ಬರಿಗೂ ಆಗಿಬರುವುದಿಲ್ಲವೆಂದು ಹೊಳೆದಿರಲಿಲ್ಲ. ಮಾಗಿಯ ಚಳಿ ಬಂದಾಗ ಉಳಿದ ಸೀಸೆಯ ತಳದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತು. ತಾಳೆ ಎಣ್ಣೆಯ ಸ್ವಭಾವ ಹಾಗೆಯೇ. ಮಾರುವ ಮಾತಂತೂ ದೂರ, ಅದಕ್ಕೆ ಐ.ಎಸ್. 15607 ಎಂಬ ಗುಣಮಟ್ಟದ ಪರೀಕ್ಷೆಯೂ ಸರ್ಕಾರದ ನೋಂದಣಿಯೂ ಬೇಕು.

"ಅಂದ್ರೆ ನಷ್ಟ" ಎಂದಳು ಅಮ್ಮ.

ನಷ್ಟವೇ. ಆದರೆ ಈ ಪ್ರಯೋಗ ನನಗೆ ಒಂದು ವಿಷಯವನ್ನು ಖಚಿತಪಡಿಸಿತ್ತು. ಎಣ್ಣೆಯಲ್ಲಿ ಶಕ್ತಿಯಿದೆ, ಕೊರತೆಯಿರುವುದು ನಮ್ಮ ಪ್ರಮಾಣದಲ್ಲಿ. ಮೆಥನಾಲನ್ನು ಟ್ಯಾಂಕರುಗಟ್ಟಲೆ ಕೊಂಡು, ಉಳಿದದ್ದನ್ನು ಮರಳಿ ಹಿಡಿದು, ಗ್ಲಿಸರಿನ್ನನ್ನು ಶುದ್ಧಿ ಮಾಡಿ ಮಾರುವ ಕಾರ್ಖಾನೆಗೆ ಇದು ಕಟ್ಟುವ ವ್ಯಾಪಾರ. ಕರಿದ ಎಣ್ಣೆಯನ್ನು ಅಡಿಗೆಯಿಂದ ಬಿಡಿಸಿ ಇಂಧನದ ಕಡೆಗೆ ತಿರುಗಿಸಲೆಂದೇ ಆಹಾರ ಪ್ರಾಧಿಕಾರ 2018ರ ಆಗಸ್ಟ್ 10ರಂದು 'ರೂಕೋ' ಎಂಬ ಯೋಜನೆ ಆರಂಭಿಸಿತ್ತು. 2019ರ ಅದೇ ದಿನ ಸರ್ಕಾರಿ ತೈಲ ಕಂಪನಿಗಳು 100 ನಗರಗಳಲ್ಲಿ ಇಂಥ ಇಂಧನವನ್ನು ಮೊದಲ ವರ್ಷ ಲೀಟರಿಗೆ 51 ರೂಪಾಯಿಯಂತೆ ಕೊಳ್ಳಲು ಮುಂದೆ ಬಂದವು. 2030ರ ಹೊತ್ತಿಗೆ ಡೀಸೆಲಿನಲ್ಲಿ ನೂರಕ್ಕೆ ಐದು ಪಾಲು ಜೈವಿಕ ಡೀಸೆಲ್ ಇರಬೇಕೆಂಬುದು 2018ರ ರಾಷ್ಟ್ರೀಯ ನೀತಿಯ ಗುರಿ. ಅದಕ್ಕಾಗಿ ಪರವಾನಗಿ ಪಡೆದು ಎಣ್ಣೆ ಸಂಗ್ರಹಿಸುವವರೂ ಇದ್ದಾರೆ. ಅಕ್ಕ ಒಬ್ಬರನ್ನು ಹುಡುಕಿದಳು. ಅವರು ರಸೀತಿ ಕೊಡುತ್ತಾರೆ. ಲೀಟರಿಗೆ 36 ರೂಪಾಯಿ. ಆದರೆ 25 ಲೀಟರಿಗಾಗಿ ಮೇಟಗಳ್ಳಿಯವರೆಗೆ ಬರಲಾರರು. 100 ಲೀಟರಾದರೂ ಇರಬೇಕು.

ನಾನು ಒಂದು ನೋಟುಪುಸ್ತಕ ಹಿಡಿದು ನಮ್ಮ ರಸ್ತೆಯ ಹನ್ನೊಂದು ಗಾಡಿಗಳಿಗೂ ಹೋದೆ. ಹೆಚ್ಚಿನವರು ನಕ್ಕರು. "ನಾಲ್ಕು ರೂಪಾಯಿ ಕಡಿಮೆಗೆ ಕೊಡೋಕೆ ನಮಗೇನು ತಲೆ ಕೆಟ್ಟಿದೆಯೇನವ್ವಾ?" ಎಂದರು ಕಡಲೆಪುರಿ ಗಾಡಿಯ ಅಜ್ಜ. ಅವರ ಮಾತಿನಲ್ಲಿ ತಪ್ಪೇನಿದೆ? ದಿನದ ಸಂಪಾದನೆಯಲ್ಲಿ ದಿನ ಕಳೆಯುವವರಿಗೆ ನಾಲ್ಕು ರೂಪಾಯಿ ನಾಲ್ಕು ರೂಪಾಯಿಯೇ. ಆದರೂ ಐವರು ಒಪ್ಪಿದರು. ಒಪ್ಪಿದವರೆಲ್ಲರೂ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದವರು ಎಂಬುದನ್ನು ಮಾತ್ರ ಹೇಳುತ್ತೇನೆ.

ಉಳಿದದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ಆ ಮಂಗಳವಾರ ಎಣ್ಣೆ ಮಾವ ಬಂದಾಗ ನಾನು ಒಳಗೆ ಅವಿತುಕೊಂಡೆ. ಅಮ್ಮ ಜಗಲಿಗೆ ಬಂದಳು. "ಅಣ್ಣಾ, ಇನ್ನು ಮೇಲೆ ಎಣ್ಣೆ ಕೊಡೋದಿಲ್ಲ" ಎಂದಳು. ಅವರು ಕಾರಣ ಕೇಳಿದರು. ಹೇಳಿದಳು. ಬಹಳ ಹೊತ್ತು ಸುಮ್ಮನಿದ್ದು ಅವರೆಂದರು: "ನಾನು ಕೊಡದೆ ಹೋದ್ರೆ ಆ ಹೋಟೆಲಿನೋರು ತಮ್ಮ ಎಣ್ಣೇನೇ ಮೂರು ದಿನದ ಬದಲು ಹತ್ತು ದಿನ ಕಾಯಿಸ್ತಾರೆ ತಂಗೀ. ನನ್ನಿಂದ ಲೋಕ ಕೆಟ್ಟಿಲ್ಲ."

"ಲೋಕದ ಮಾತು ನನಗೆ ತಿಳೀದು ಅಣ್ಣಾ. ನನ್ನ ಬಾಣಲೆಯದು ನಾನು ನೋಡ್ಕೋತೀನಿ" ಎಂದಳು ಅಮ್ಮ. ಆಮೇಲೆ ಮೆಲ್ಲನೆ, "ಅವತ್ತಿನ ದುಡ್ಡು ನಾನು ಮರೆತಿಲ್ಲ" ಎಂದಳು.

"ಅದರ ಮಾತು ಯಾಕೆ ಈಗ?" ಎಂದು ಅವರು ಮೊಪೆಡ್ಡು ತಿರುಗಿಸಿಕೊಂಡು ಹೋದರು. ನಮ್ಮ ಡಬ್ಬವನ್ನು ಮಾತ್ರ ಮರುದಿನ ತಂದು ಗೇಟಿನ ಬಳಿ ಇಟ್ಟು ಹೋಗಿದ್ದರು, ತೊಳೆದಿತ್ತು. ಪರವಾನಗಿಯ ಸಂಗ್ರಹಕಾರರ ಜೊತೆ ಸೇರಿಕೊಳ್ಳಿರೆಂದು ಅಕ್ಕ ಒಮ್ಮೆ ಹೇಳಿಕಳಿಸಿದಳು. ಈ ವಯಸ್ಸಿನಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿಯಲಾರೆನೆಂದು ಉತ್ತರ ಬಂತು.

ಈಗ ತಿಂಗಳ ಮೊದಲನೆಯ ಶನಿವಾರ ಆರು ಗಾಡಿಗಳ ಎಣ್ಣೆ ನಮ್ಮ ಹಿತ್ತಲಿನಲ್ಲಿ ಸೇರುತ್ತದೆ. ನಾನು ಬರೆದುಕೊಳ್ಳುತ್ತೇನೆ, ವ್ಯಾನು ಬಂದು ಒಯ್ಯುತ್ತದೆ. ಅಮ್ಮನ ಡಬ್ಬಿಗೆ ತಿಂಗಳಿಗೆ ನೂರು ರೂಪಾಯಿ ಕಡಿಮೆ ಬೀಳುತ್ತಿದೆ. ಆ ಸಣ್ಣ ಹೋಟೆಲು ನಡೆಯುತ್ತಲೇ ಇದೆ. ಅಲ್ಲಿಯ ಒಲೆಯ ಪಕ್ಕದಲ್ಲಿ ಈಗ ಬೇರೆ ಯಾರದೋ ಡಬ್ಬವಿರಬಹುದು. ಲೋಕ ತಿದ್ದಿತೆಂದು ನಾನು ಹೇಳಲಾರೆ. ಸಹಪಾಠಿಗಳಲ್ಲಿ ನನ್ನದು ಒಂದೇ ಬಿನ್ನಹ. ಬಜ್ಜಿ ತಿನ್ನುವ ಕಡೆ, ಹಾಸ್ಟೆಲಿನ ಅಡಿಗೆಮನೆಯಲ್ಲಿ, ಮದುವೆಯ ಮನೆಯಲ್ಲಿ, "ಕರಿದ ಎಣ್ಣೆ ಎಲ್ಲಿಗೆ ಹೋಗುತ್ತದೆ?" ಎಂದು ಒಂದು ಸಲ ಕೇಳಿ. ಜಗಳಕ್ಕಲ್ಲ, ತಿಳಿಯುವುದಕ್ಕೆ. ನಾನು ಕೇಳದೆ ಇದ್ದಷ್ಟು ವರ್ಷ ಆ ಪ್ರಶ್ನೆಯ ಉತ್ತರವನ್ನು ತಿನ್ನುತ್ತಲೇ ಇದ್ದೆ.

ಯುಗಾದಿಯ ದಿನ ಅಮ್ಮ ಒಂದು ಸ್ಟೀಲಿನ ಡಬ್ಬಿಯಲ್ಲಿ ಹತ್ತು ಒಬ್ಬಟ್ಟು ಹಾಕಿ, "ಎಣ್ಣೆ ಮಾವನ ಮನೆಗೆ ಕೊಟ್ಟು ಬಾ" ಎಂದಳು. ನಾನು ಹೆದರುತ್ತಲೇ ಹೋದೆ. ಬಾಗಿಲು ತೆರೆದವರು ಅವರೇ. ಏನೂ ಮಾತಾಡಲಿಲ್ಲ, ಡಬ್ಬಿ ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ತಂದುಕೊಟ್ಟರು. ದಾರಿಯಲ್ಲಿ ಅದು ಕೈಗೆ ಭಾರವಾಗಿ ತೋರಿತು. ಮನೆಗೆ ಬಂದು ಅಮ್ಮ ಮುಚ್ಚಳ ತೆಗೆದಳು. ಒಳಗೆ ನಾಲ್ಕು ಅಚ್ಚು ಬೆಲ್ಲವಿತ್ತು.